ಅಂಗಳದಲ್ಲಿ ಎಲ್ಲರಿಗೂ ಜಾಗ
(ಕೂಟದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನಮಗೆ ಕೊಟ್ಟ ವಿಷಯ 'ಸ್ವಯಂಸೇವೆ'. ಈ ವಿಷಯದ ಮೇಲೆ ಈ ವೇದಿಕೆಯಲ್ಲಿ ಭಾಷಣಗಳಿಗೆ ಬರವಿಲ್ಲ. ಯುಗಾದಿಗೆ ಹೋಳಿಗೆ ಬೇಯಿಸಿದವರು, ರಾಜ್ಯೋತ್ಸವಕ್ಕೆ ತೋರಣ ಕಟ್ಟಿದವರು, ಕನ್ನಡ ಶಾಲೆಯಲ್ಲಿ ಅ ಆ ಇ ಈ ತಿದ್ದಿಸಿದವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಅವರ ಮುಂದೆ ಸ್ವಯಂಸೇವೆಯ ಬಗ್ಗೆ ಉಪದೇಶ ಮಾಡುವುದು ಮೈಸೂರಿನವರಿಗೆ ಮೈಸೂರು ಪಾಕಿನ ರುಚಿ ವಿವರಿಸಿದಂತಾದೀತು. ಆದ್ದರಿಂದ ನಾವು ಕೂಟದ ಹೊರಗೆ, ಜಾನ್ಸ್ ಕ್ರೀಕ್‌ನ ನಾಲ್ಕು ಮನೆಯವರು ಸೇರಿ ಕೆಲವು ಋತುಗಳಿಂದ ಮಾಡುತ್ತಿರುವ ಒಂದು ಚಿಕ್ಕ ಕೆಲಸದ ಬಗ್ಗೆ ಹೇಳುತ್ತೇವೆ. ಮಾತಾಡುತ್ತಿರುವ ಬಾಯಿ ಒಂದೇ ಆದರೂ ಮಾತು ನಾಲ್ಕೂ ಮನೆಯದು.

ಭಾನುವಾರಗಳಂದು ನಾವು ಜಿಎ 400 ಹಿಡಿದು ಅಟ್ಲಾಂಟಾ ನಗರದೊಳಗಿನ ಒಂದು ಮೈದಾನಕ್ಕೆ ಹೋಗುತ್ತೇವೆ. ಅಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಲೀಗ್ ನಡೆಯುತ್ತದೆ. ಆಡುವವರಲ್ಲಿ ಬಹುಪಾಲು ಜನ ಸಲಿಂಗಪ್ರೇಮಿಗಳು, ದ್ವಿಲಿಂಗಾಸಕ್ತರು, ಲಿಂಗತ್ವ ಅಲ್ಪಸಂಖ್ಯಾತರು. ಇಂಗ್ಲಿಷಿನಲ್ಲಿ ನಾಲ್ಕಕ್ಷರ ಸೇರಿಸಿ ಎಲ್‌ಜಿಬಿಟಿ ಎನ್ನುತ್ತಾರಲ್ಲ, ಅವರು. ಈ ಮಾತು ಕೇಳಿದೊಡನೆ ಸಭೆಯಲ್ಲಿ ಕೆಲವರು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತಿದ್ದು ನಮಗೆ ಕಾಣಿಸಿತು. ಬೇಸರವಿಲ್ಲ. ಹತ್ತು ನಿಮಿಷ ಕಿವಿಗೊಡಿ, ಆಮೇಲೆ ಊಟದ ಸಾಲಿನಲ್ಲಿ ಎಷ್ಟು ಬೇಕಾದರೂ ವಾದಿಸೋಣ.

ಮೊದಲು ಆಟ ಏನೆಂದು ಹೇಳಿಬಿಡುತ್ತೇವೆ. ಅಮೆರಿಕನ್ ಫುಟ್‌ಬಾಲ್ ಎಂದರೆ ನಮ್ಮಲ್ಲಿ ಹಲವರಿಗೆ ಇಂದಿಗೂ ಶಿರಸ್ತ್ರಾಣ ತೊಟ್ಟ ಮಲ್ಲರು ಒಬ್ಬರ ಮೇಲೊಬ್ಬರು ಬೀಳುವ ದೃಶ್ಯ. ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ ಆ ಬೀಳಾಟವಿಲ್ಲ. ಪ್ರತಿ ಆಟಗಾರನ ಸೊಂಟದ ಪಟ್ಟಿಯ ಎರಡೂ ಪಕ್ಕ ಉದ್ದನೆಯ ಬಟ್ಟೆಯ ಚೂರುಗಳು ನೇತಾಡುತ್ತಿರುತ್ತವೆ. ಚೆಂಡು ಹಿಡಿದು ಓಡುವವನ ಆ ಬಾವುಟವನ್ನು ಎದುರಾಳಿ ಕಿತ್ತರೆ ಓಟ ಅಲ್ಲಿಗೆ ನಿಂತಿತು. ಮೈಮೇಲೆ ಬೀಳುವಂತಿಲ್ಲ, ತಳ್ಳುವಂತಿಲ್ಲ. ಚಿಕ್ಕಂದಿನಲ್ಲಿ ಚಡ್ಡಿಗೆ ಕರವಸ್ತ್ರ ಸಿಕ್ಕಿಸಿಕೊಂಡು ಒಬ್ಬರದೊಬ್ಬರು ಕಿತ್ತುಕೊಂಡು ಓಡುತ್ತಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಬಡ್ಡಿಯ ಚುರುಕು, ಖೋ ಖೋದ ಓಟ, ಚದುರಂಗದ ಯೋಜನೆ ಮೂರೂ ಇದರಲ್ಲಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಸೈನಿಕರಿಗೆ ಪೆಟ್ಟಾಗದಿರಲೆಂದು ಸೇನಾ ಶಿಬಿರಗಳಲ್ಲಿ ಈ ಆಟ ಬೆಳೆಯಿತಂತೆ. ವಾಷಿಂಗ್ಟನ್ ಬಳಿ ಮೇರಿಲ್ಯಾಂಡ್‌ನಲ್ಲಿರುವ ಫೋರ್ಟ್ ಮೀಡ್ ಅದರ ತವರೆಂದು ಹೇಳುತ್ತಾರೆ.

ಇನ್ನೊಂದು ಸಂಗತಿ ನಿಮಗೆ ಖುಷಿ ಕೊಟ್ಟೀತು. 2023ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ನಮ್ಮ ಮುಂಬಯಿಯಲ್ಲೇ ಸಭೆ ಸೇರಿ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೊಸದಾಗಿ ಸೇರುವ ಆಟಗಳಿಗೆ ಒಪ್ಪಿಗೆ ಕೊಟ್ಟಿತು. ಆ ಒಂದೇ ಪಟ್ಟಿಯಲ್ಲಿ ನಮ್ಮ ಕ್ರಿಕೆಟ್ಟೂ ಇತ್ತು, ಈ ಫ್ಲ್ಯಾಗ್ ಫುಟ್‌ಬಾಲೂ ಇತ್ತು. ನಮ್ಮ ಜಾರ್ಜಿಯಾದಲ್ಲಂತೂ ಹೆಣ್ಣುಮಕ್ಕಳು ಆಗಲೇ ಮುಂದೆ ಹೋಗಿದ್ದರು. 2018ರಲ್ಲಿ ಗ್ವಿನೆಟ್ ಕೌಂಟಿಯ ಶಾಲೆಗಳಲ್ಲಿ ಪ್ರಯೋಗವಾಗಿ ಶುರುವಾದದ್ದು, 2020ರ ಡಿಸೆಂಬರಿಗೆ ರಾಜ್ಯಮಟ್ಟದ ಚಾಂಪಿಯನ್‌ಶಿಪ್ ಆಯಿತು. ಅಂದರೆ ಈ ಆಟ ನಮಗೆ ಪರಕೀಯವೇನಲ್ಲ, ನಮ್ಮ ಹುಡುಗಿಯರ ಶಾಲೆಗೇ ಬಂದಿದೆ.

"ಸರಿ, ಆಟ ಎಲ್ಲರದು. ಹಾಗಾದರೆ ಇವರಿಗೆ ಬೇರೆ ಲೀಗ್ ಏಕೆ? ಎಲ್ಲರ ಜೊತೆ ಆಡಬಾರದೇ?" ಇದು ನಮ್ಮನ್ನು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಉತ್ತರ ಬೇಕಾದರೆ ನಾವು ನೆಲೆಸಿರುವ ಈ ಊರಿನ ಚರಿತ್ರೆಯನ್ನೇ ನೋಡಬೇಕು.

1982ರಲ್ಲಿ ಅಟ್ಲಾಂಟಾದಲ್ಲಿ ಮೈಕೇಲ್ ಹಾರ್ಡ್‌ವಿಕ್ ಎಂಬ ಯುವಕನನ್ನು ಪೊಲೀಸರು ಅವನ ಮಲಗುವ ಕೋಣೆಯಿಂದಲೇ ಬಂಧಿಸಿದರು. ಇನ್ನೊಬ್ಬ ಗಂಡಸಿನೊಡನೆ ಇದ್ದದ್ದೇ ಅಪರಾಧ. ಆ ಮೊಕದ್ದಮೆ ದೇಶದ ಸುಪ್ರೀಂ ಕೋರ್ಟಿಗೆ ಹೋಯಿತು. 1986ರಲ್ಲಿ ಕೋರ್ಟು, ಐದು ಮತ ನಾಲ್ಕು ಮತಗಳಿಂದ, ಜಾರ್ಜಿಯಾದ ಕಾನೂನೇ ಸರಿ ಎಂದಿತು. 1998ರಲ್ಲಿ ಜಾರ್ಜಿಯಾದ ಸರ್ವೋಚ್ಚ ನ್ಯಾಯಾಲಯವೇ ಆ ಕಾನೂನನ್ನು ತೆಗೆದುಹಾಕಿತು. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತನ್ನ ಹಳೆಯ ತೀರ್ಪನ್ನು ತಾನೇ ತಪ್ಪೆಂದು ರದ್ದುಮಾಡಿತು. ಇಂದು ನಮ್ಮ ಕೂಟದ ಹಿರಿಯರಲ್ಲಿ ಎಷ್ಟೋ ಮಂದಿ ಈ ರಾಜ್ಯಕ್ಕೆ ಬಂದು ಮನೆ ಹೂಡಿದ ಕಾಲದಲ್ಲಿ, ಈ ಮೈದಾನದ ಹುಡುಗರು ಕಾನೂನಿನ ಕಣ್ಣಿನಲ್ಲಿ ಅಪರಾಧಿಗಳಾಗಿದ್ದರು.

ಕಾನೂನು ಬದಲಾದರೂ ಬಟ್ಟೆ ಬದಲಿಸುವ ಕೋಣೆಯ ಮಾತು ಬೇಗ ಬದಲಾಗುವುದಿಲ್ಲ. ಗಂಡಸರ ಆಟಗಳಲ್ಲಿ ಎದುರಾಳಿಯನ್ನು ಹಂಗಿಸಲು ಯಾವ ಬೈಗುಳ ಬಳಸುತ್ತಾರೆಂಬುದು ಆಡಿದವರಿಗೆಲ್ಲ ಗೊತ್ತು. ವಾಷಿಂಗ್ಟನ್ ತಂಡಕ್ಕೂ ಆಡಿದ್ದ ಡೇವಿಡ್ ಕೊಪೇ, ನಿವೃತ್ತರಾದ ಮೇಲೆ 1975ರಲ್ಲಿ ತಾವು ಸಲಿಂಗಪ್ರೇಮಿ ಎಂದು ಹೇಳಿಕೊಂಡರು. ನಮ್ಮ ಅಟ್ಲಾಂಟಾ ಫಾಲ್ಕನ್ಸ್ ತಂಡದ ಪರವಾಗಿ 1999ರ ಜನವರಿಯ ಸೂಪರ್ ಬೌಲ್‌ನಲ್ಲಿ ಆಡಿ, ಅದೇ ವರ್ಷ ಕ್ಯಾರೊಲೈನಾ ಪ್ಯಾಂಥರ್ಸ್ ಸೇರಿದ ಎಸೆರಾ ಟುವಾಓಲೊ ಅವರನ್ನು ಇಲ್ಲಿನ ಹಳಬರು ನೆನೆಸಿಕೊಂಡಾರು. ಆಜಾನುಬಾಹು ಆಳು, ದಪ್ಪ ಕಂಠದ ಹಾಡುಗಾರ. ಒಂಬತ್ತು ವರ್ಷ ಆ ಮಟ್ಟದಲ್ಲಿ ಆಡಿದ ಆ ಮನುಷ್ಯ, ಚೆನ್ನಾಗಿ ಆಡಿ ಟೀವಿಯಲ್ಲಿ ಮುಖ ಕಂಡ ದಿನವೇ ಯಾರಾದರೂ ಗುರುತಿಸಿ ಗುಟ್ಟು ಹೊರಹಾಕಿಬಿಟ್ಟಾರೆಂದು ಹೆದರುತ್ತಿದ್ದರಂತೆ. ಬಾಯಿ ಬಿಟ್ಟು ಹೇಳಿದ್ದು 2002ರಲ್ಲಿ, ಆಟ ಬಿಟ್ಟ ಮೇಲೆ. ಆಟವಾಡುತ್ತಿರುವಾಗಲೇ ಹೇಳಿಕೊಂಡು, ಆ ಮೇಲೂ ಋತುವಿನ ಪಂದ್ಯಗಳಲ್ಲಿ ಆಡಿದ ಮೊದಲಿಗ ಕಾರ್ಲ್ ನಸಿಬ್, ಅದು 2021ರಲ್ಲಿ. ಚೆನ್ನಾಗಿ ಆಡಿದ್ದಕ್ಕೆ ಭಯಪಡಬೇಕಾದ ಆಟಗಾರನ ಸ್ಥಿತಿಯನ್ನು ಒಂದು ಕ್ಷಣ ಯೋಚಿಸಿ. ಬೇರೆ ಲೀಗ್ ಏಕೆಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ದಾರಿ ಹಾಕಿದವರಲ್ಲಿ ಒಬ್ಬರು ಡಾಕ್ಟರ್ ಟಾಮ್ ವಾಡೆಲ್. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಡೆಕಥ್ಲಾನ್‌ನಲ್ಲಿ ಆರನೆಯವರಾಗಿ ಬಂದ ವೈದ್ಯರು. 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ಗೇ ಗೇಮ್ಸ್ ಎಂಬ ಕ್ರೀಡಾಕೂಟ ಶುರುಮಾಡಿದರು. ಅಲ್ಲಿ ಆಡಲು ಅರ್ಹತೆಯ ಸುತ್ತುಗಳಿಲ್ಲ, ಯಾರು ಬೇಕಾದರೂ ಬರಬಹುದು, ಸಲಿಂಗಿಯಲ್ಲದವರೂ ಬರಬಹುದು. ಫ್ಲ್ಯಾಗ್ ಫುಟ್‌ಬಾಲಿಗೆ ಬಂದರೆ, 2002ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ 'ಗೇ ಬೌಲ್' ಪಂದ್ಯಾವಳಿ ನಡೆಯಿತು. ಕೆಲವೇ ತಂಡಗಳ ಆ ಆಟ ಇಂದು ಇಪ್ಪತ್ತಕ್ಕೂ ಹೆಚ್ಚು ನಗರಗಳ ರಾಷ್ಟ್ರೀಯ ಒಕ್ಕೂಟವಾಗಿದೆ. ವಾಷಿಂಗ್ಟನ್‌ನ ಲೀಗ್ 2010ರಲ್ಲಿ ಹುಟ್ಟಿತು. ಅದೇ ವರ್ಷ, ಅದೇ ಊರಿನಲ್ಲಿ, ಸ್ಟೋನ್‌ವಾಲ್ ಸ್ಪೋರ್ಟ್ಸ್ ಎಂಬ ಇನ್ನೊಂದು ಸಂಸ್ಥೆ ಕಿಕ್‌ಬಾಲ್ ಆಟದಿಂದ ಶುರುವಾಗಿ, ಶಾರ್ಲಟ್ ಮತ್ತು ರಾಲಿಯವರೆಗೂ ಹಬ್ಬಿತು. ಲಾಭವಿಲ್ಲದ ಸಂಸ್ಥೆಗಳು ಇವು, ನಡೆಸುವವರು ಸ್ವಯಂಸೇವಕರು. ನಮ್ಮ ಕನ್ನಡ ಕೂಟಗಳು ಹೇಗೆ ಒಂದು ಮನೆಯ ಡ್ರಾಯಿಂಗ್ ರೂಮಿನಲ್ಲಿ ಹುಟ್ಟಿ, ಶಾಲೆಯ ಆಡಿಟೋರಿಯಂಗೆ ಬಂದುವೋ ಹಾಗೇ.

ಈಗ ನಮ್ಮ ಕೆಲಸದ ಮಾತು. ಆಟಗಾರರು ಬರುವ ಮುನ್ನ ಮೈದಾನದ ಗೆರೆ ಅಳೆದು ಕಿತ್ತಳೆ ಬಣ್ಣದ ಕೋನ್‌ಗಳನ್ನು ಇಡುವುದು. ನೀರಿನ ಕ್ಯಾನು ತುಂಬುವುದು. ಹೆಸರು ನೋಂದಾಯಿಸುವುದು, ಪೆಟ್ಟಾದರೆ ನಾವೇ ಹೊಣೆ ಎಂಬ ಕಾಗದಕ್ಕೆ ಸಹಿ ಹಾಕಿಸುವುದು. ಐಸ್ ಚೀಲ, ಬ್ಯಾಂಡೇಜು ಸಿದ್ಧವಿಡುವುದು. ಗಡಿಯಾರ ನೋಡುವುದು, ಅಂಕ ಬರೆಯುವುದು. ನಮ್ಮಲ್ಲಿ ಒಬ್ಬರು ಧೈರ್ಯಮಾಡಿ ನಿಯಮ ಕಲಿತು ಗೆರೆಯ ಪಕ್ಕದ ಅಂಪೈರಿಗೆ ಸಹಾಯಕರಾಗಿದ್ದಾರೆ. ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯು ಕೊಟ್ಟು ಬೈಸಿಕೊಂಡ ಅನುಭವ ಇಲ್ಲಿ ಬಹಳ ಉಪಯೋಗಕ್ಕೆ ಬಂತಂತೆ. ಉಳಿದ ನಮಗೆ ಆಟದ ಒಳಗುಟ್ಟು ಇನ್ನೂ ಪೂರ್ತಿ ತಿಳಿಯದು. ನೀರು ಕೊಡಲು ಅದು ತಿಳಿಯಬೇಕಾಗಿಯೂ ಇಲ್ಲ.

ಅಲ್ಲಿ ನಾವು ಕಂಡ ನಾಲ್ಕು ಪದ್ಧತಿಗಳನ್ನು ಇಲ್ಲಿ ಹೇಳಲೇಬೇಕು. ನಮ್ಮ ಕೂಟಕ್ಕೂ ಅವು ಉಪಯೋಗವಾದಾವು.

ಒಂದು, ತಂಡ ಕಟ್ಟುವ ರೀತಿ. ಹಳೆಯ ಗೆಳೆಯರೆಲ್ಲ ಒಂದೇ ತಂಡವಾಗಿ ಬರುವುದು ಬಹಳ ಸುಲಭ. ಅಲ್ಲಿ ಹಾಗೆ ಬಿಡುವುದಿಲ್ಲ. ನಾಯಕರು ಒಂದೆಡೆ ಕೂತು, ಸರದಿಯ ಮೇಲೆ ಹೆಸರು ಆರಿಸುತ್ತಾರೆ. ಹಳಬನ ಪಕ್ಕ ಹೊಸಬ ಬರುತ್ತಾನೆ, ವೇಗಿಯ ಪಕ್ಕ ಏದುಸಿರು ಬಿಡುವವ ಬರುತ್ತಾನೆ. ನಮ್ಮ ಊಟದ ಮೇಜುಗಳನ್ನು ನೆನೆಸಿಕೊಳ್ಳಿ: ಮೈಸೂರಿನವರು ಒಂದು ಕಡೆ, ಧಾರವಾಡದವರು ಒಂದು ಕಡೆ, ಮಂಗಳೂರಿನವರು ಇನ್ನೊಂದು ಕಡೆ, ಹೊಸದಾಗಿ ಬಂದ ದಂಪತಿಗಳು ತಟ್ಟೆ ಹಿಡಿದು ಗೋಡೆಯ ಕಡೆ.

ಎರಡು, ಹೊಸಬರ ತರಬೇತಿ. ಚೆಂಡನ್ನೇ ಮುಟ್ಟದವರಿಗಾಗಿ ಋತುವಿನ ಮೊದಲು ಒಂದು ದಿನ ಮೀಸಲು. ಶಾಲೆಯಲ್ಲಿ ತಂಡ ಆರಿಸುವಾಗ ಯಾವಾಗಲೂ ಕೊನೆಗೆ ಉಳಿದವರು, ಹೆಣ್ಣಿಗನೆಂದು ಅಣಕಿಸಿಕೊಂಡವರು, ಮೂವತ್ತು ನಲವತ್ತರ ವಯಸ್ಸಿನಲ್ಲಿ ಮೊದಲ ಬಾರಿ ಚೆಂಡು ಹಿಡಿದು ಮಕ್ಕಳಂತೆ ಕೂಗುವುದನ್ನು ನೋಡಬೇಕು.

ಮೂರು, ಹಣದ ತೊಂದರೆಯಿರುವವರಿಗೆ ಶುಲ್ಕದ ರಿಯಾಯಿತಿ, ಅದೂ ಯಾರಿಗೂ ತಿಳಿಯದಂತೆ. ಮನೆಯಿಂದ ಹೊರಹಾಕಿಸಿಕೊಂಡ ಹುಡುಗರು ಅಲ್ಲಿರುತ್ತಾರೆ. ಅವರಿಗೆ ನೂರು ಡಾಲರು ದೊಡ್ಡದು, ಕೈಚಾಚುವುದು ಇನ್ನೂ ದೊಡ್ಡದು.

ನಾಲ್ಕು, ಹೆಸರಿನ ಚೀಟಿ. ಯಾವ ಹೆಸರಿನಿಂದ ಕರೆಯಬೇಕು, 'ಹೀ' ಎನ್ನಬೇಕೋ 'ಶೀ' ಎನ್ನಬೇಕೋ 'ದೇ' ಎನ್ನಬೇಕೋ ಎಂದು ಅವರವರೇ ಬರೆದುಕೊಳ್ಳುತ್ತಾರೆ. ಒಬ್ಬರಿಗೆ ಬಹುವಚನ ಬಳಸುವುದು ಹೇಗೆಂದು ಇಂಗ್ಲಿಷ್ ಜನ ತಲೆ ಕೆಡಿಸಿಕೊಂಡಿದ್ದಾರೆ. ನಮಗೆ ಅದೇನು ಕಷ್ಟ? ಕನ್ನಡಿಗರು ಗೌರವ ಕೊಡಬೇಕಾದ ಪ್ರತಿಯೊಬ್ಬರನ್ನೂ 'ಅವರು' ಎಂದೇ ಕರೆದವರು. 'ಅವರು ಬಂದರು, ಅವರು ಕೂತರು' ಎಂದರೆ ಗಂಡೋ ಹೆಣ್ಣೋ ಗೊತ್ತಾಗುವುದೇ ಇಲ್ಲ. ಇಂಗ್ಲಿಷು ಈಗ ಹುಡುಕುತ್ತಿರುವುದು ನಮ್ಮ ಅಜ್ಜಿಯ ಬಾಯಲ್ಲಿ ಎಂದಿನಿಂದಲೂ ಇದೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಎಲ್ಲರನ್ನೂ ಸೇರಿಸಿಕೊಳ್ಳುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ, ನೋವುಂಡವರಿಗೂ ಅಲ್ಲ. 2008ರಲ್ಲಿ ಸಿಯಾಟಲ್ ಕಡೆ ಸಲಿಂಗಿಗಳ ಸಾಫ್ಟ್‌ಬಾಲ್ ವಿಶ್ವ ಸರಣಿ ನಡೆಯಿತು. ಒಂದು ತಂಡದಲ್ಲಿ ಇಬ್ಬರಿಗಿಂತ ಹೆಚ್ಚು ಸಲಿಂಗಿಯಲ್ಲದ ಆಟಗಾರರು ಇರಬಾರದೆಂಬ ನಿಯಮವಿತ್ತು. ಎರಡನೇ ಸ್ಥಾನಕ್ಕೆ ಬಂದ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಮೇಲೆ ದೂರು ಬಂತು. ಆಟಗಾರರನ್ನು ಒಂದು ಕೋಣೆಯಲ್ಲಿ ಕೂರಿಸಿ ಅವರ ಖಾಸಗಿ ಒಲವುಗಳ ಬಗ್ಗೆ ಪ್ರಶ್ನೆ ಕೇಳಿ, ಮೂವರು ಸಾಕಷ್ಟು ಸಲಿಂಗಿಗಳಲ್ಲವೆಂದು ತೀರ್ಮಾನಿಸಿ ತಂಡವನ್ನು ಅನರ್ಹಗೊಳಿಸಿದರು. ವಿಷಯ ಕೋರ್ಟಿಗೆ ಹೋಯಿತು. ಇಂಥವರೇ ಸದಸ್ಯರೆಂದು ಮಿತಿ ಹಾಕಿಕೊಳ್ಳುವ ಹಕ್ಕು ಸಂಘಕ್ಕಿದೆ ಎಂದು ನ್ಯಾಯಾಧೀಶರು ಹೇಳಿದರೂ, 2011ರಲ್ಲಿ ರಾಜಿಯಾಗಿ ಆ ತಂಡಕ್ಕೆ ಅದರ ಎರಡನೇ ಸ್ಥಾನ ಮರಳಿ ಸಿಕ್ಕಿತು. ಹೊರಗಿಟ್ಟವರಿಂದ ತಪ್ಪಿಸಿಕೊಳ್ಳಲು ಕಟ್ಟಿದ ಮನೆಯ ಬಾಗಿಲಲ್ಲೂ ಒಬ್ಬ ಕಾವಲುಗಾರ ಬಂದು ನಿಂತಿದ್ದ! ಲಿಂಗ ಬದಲಿಸಿಕೊಂಡವರು ಯಾವ ತಂಡದಲ್ಲಿ ಆಡಬೇಕೆಂಬ ಬಗ್ಗೆ ದೇಶದಲ್ಲಿ ಇಂದಿಗೂ ಜಗಳವಿದೆ. ಶಾಲಾ ಕ್ರೀಡೆಗಳ ಬಗ್ಗೆ ಜಾರ್ಜಿಯಾ 2025ರಲ್ಲಿ ಬಿಗಿಯಾದ ಕಾನೂನನ್ನೇ ಮಾಡಿತು. ನಮ್ಮ ನಾಲ್ಕು ಮನೆಗಳಲ್ಲೇ ಅದರ ಬಗ್ಗೆ ಒಮ್ಮತವಿಲ್ಲ. ಒಮ್ಮತವಿಲ್ಲದೆಯೂ ನಾಲ್ಕು ಮನೆಯವರೂ ಒಂದೇ ಕಾರಿನಲ್ಲಿ ಹೋಗಿ ಎಲ್ಲರಿಗೂ ನೀರು ಕೊಡುತ್ತೇವೆ.

ನಮ್ಮ ಕೂಟಕ್ಕೂ ಈ ಪ್ರಶ್ನೆ ಹೊಸದಲ್ಲ. ಮನೆಯಲ್ಲಿ ತುಳು, ಕೊಂಕಣಿ, ಕೊಡವ ಮಾತಾಡುವವರು ಕನ್ನಡಿಗರೇ? ತೆಲುಗು ಸೊಸೆ, ಅಮೆರಿಕನ್ ಅಳಿಯ ನಾಟಕದಲ್ಲಿ ಪಾತ್ರ ಮಾಡಬಹುದೇ? ಕನ್ನಡ ಓದಲು ಬಾರದ ಮಗು ಸ್ಪರ್ಧೆಗೆ ಸೇರಬಹುದೇ? ಒಂದೊಂದಕ್ಕೂ ಸಮಿತಿಗಳಲ್ಲಿ ತಾಸುಗಟ್ಟಲೆ ಚರ್ಚೆಯಾಗಿದೆ. ಪ್ರತಿ ಸಲವೂ ಬಾಗಿಲು ಸ್ವಲ್ಪ ಅಗಲವಾದಾಗ ಕೂಟ ಬೆಳೆದಿದೆ. ಸಣ್ಣದಾದದ್ದನ್ನು ನಾವು ಕಂಡಿಲ್ಲ.

"ಇದೆಲ್ಲ ಅಮೆರಿಕದ ಗಾಳಿ, ನಮ್ಮಲ್ಲಿ ಇರಲಿಲ್ಲ" ಎನ್ನುವವರಿಗೆ ಒಂದೆರಡು ಹೆಸರು ಹೇಳುತ್ತೇವೆ. ಬಳ್ಳಾರಿ ಸೀಮೆಯಲ್ಲಿ ಜೋಗತಿ ನೃತ್ಯ ಮಾಡುತ್ತ ಬೆಳೆದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಪ್ರಶಸ್ತಿ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನಾವೆಲ್ಲ ನೋಡಿ ಕಣ್ಣೊರೆಸಿಕೊಂಡೆವು. ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರಿಗೆ 2015ರಲ್ಲೇ ರಾಜ್ಯೋತ್ಸವ ಪ್ರಶಸ್ತಿ ಬಂತು. 'ನಾನು ಅವನಲ್ಲ... ಅವಳು' ಚಿತ್ರದ ಪಾತ್ರಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. 2018ರ ಸೆಪ್ಟೆಂಬರ್ 6ರಂದು ಭಾರತದ ಸುಪ್ರೀಂ ಕೋರ್ಟು 377ನೇ ಕಲಮಿನ ಹಿಡಿತದಿಂದ ಈ ಜನರನ್ನು ಬಿಡಿಸಿತು. ಆ ಕಲಮನ್ನು ಬರೆದವರು ಬ್ರಿಟಿಷರು, 1860ರಲ್ಲಿ. ಹೊರಗಿನಿಂದ ಬಂದದ್ದು ಈ ಜನರಲ್ಲ, ಅವರನ್ನು ಶಿಕ್ಷಿಸುವ ಕಾನೂನು. ಎಲ್ಲಮ್ಮನ ಗುಡ್ಡದ ಜೋಗಪ್ಪಗಳನ್ನು ಕಂಡು ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಅವರ ಬದುಕು ಸುಖದ್ದಾಗಿರಲಿಲ್ಲ, ನಿಜ. ಆದರೆ ಇದ್ದರು, ಊರಿನವರೇ ಆಗಿದ್ದರು.

ದೂರದ ಮಂಜಮ್ಮನವರಿಗೆ ಚಪ್ಪಾಳೆ ತಟ್ಟುವುದು ಸುಲಭ. ನಮ್ಮದೇ ಮನೆಯ ಊಟದ ಮೇಜಿನಲ್ಲಿ ಮಗ "ಅಮ್ಮಾ, ಒಂದು ವಿಷಯ ಹೇಳಬೇಕು" ಎಂದಾಗ ಕೈಯ ಸೌಟು ಕೆಳಗೆ ಬೀಳುತ್ತದೆ. ನಮ್ಮ ಕೂಟದ ಕನ್ನಡ ಶಾಲೆಯಲ್ಲಿ ಕಲಿತು, ಗಣೇಶನ ಹಬ್ಬದ ನಾಟಕದಲ್ಲಿ ಗಣೇಶನಾಗಿ, ಕಾಲೇಜಿಗೆ ಹೋದ ಮೇಲೆ ಇತ್ತ ತಲೆಹಾಕದ ಮಕ್ಕಳು ಎಷ್ಟು ಮಂದಿ! ಎಲ್ಲರೂ ಇದೇ ಕಾರಣಕ್ಕೆ ಹೋದರೆಂದಲ್ಲ. ಕೆಲವರು ಮಾತ್ರ ಇದೇ ಕಾರಣಕ್ಕೆ ಹೋದರು. "ಮದುವೆ ಯಾವಾಗಪ್ಪಾ?" ಎಂಬ ನಮ್ಮ ಅಕ್ಕರೆಯ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಬಿಸಿಬೇಳೆ ಭಾತನ್ನೇ ಬಿಟ್ಟುಕೊಟ್ಟವರು.

ನಮ್ಮ ಪರಿಚಯದ ಒಬ್ಬ ತಾಯಿಯ ಮಗ ಬೇರೆ ರಾಜ್ಯದಲ್ಲಿದ್ದಾನೆ, ಇಂಥದೇ ಒಂದು ಲೀಗಿನಲ್ಲಿ ಆಡುತ್ತಾನೆ. ಎರಡು ವರ್ಷ ತಾಯಿ ಮಗನಿಗೆ ಮಾತಿರಲಿಲ್ಲ. ಆಕೆ ನಮ್ಮೊಡನೆ ಅಟ್ಲಾಂಟಾದ ಮೈದಾನಕ್ಕೆ ಬಂದರು, ಅವನು ಅಲ್ಲಿರಲಿಲ್ಲವೆಂದು ಗೊತ್ತಿದ್ದೂ ಬಂದರು. ಒಂದು ದೊಡ್ಡ ಡಬ್ಬಿ ಚಿತ್ರಾನ್ನ ಮಾಡಿ ತಂದಿದ್ದರು. ಆಟ ಮುಗಿಸಿ ಬಂದ ಹುಡುಗರು ಕಾಗದದ ತಟ್ಟೆಯಲ್ಲಿ ಹಾಕಿಸಿಕೊಂಡು ತಿಂದರು, ಕಡಲೆಬೇಳೆ ಏನೆಂದು ಕೇಳಿದರು, ಎರಡನೇ ಸಲ ಹಾಕಿಸಿಕೊಂಡರು. ಒಬ್ಬ "ಥ್ಯಾಂಕ್ಸ್ ಮಾಮ್" ಅಂದ. ಆಕೆ ಕಾರಿನಲ್ಲಿ ಬಂದು ಕೂತು ಬಹಳ ಹೊತ್ತು ಸುಮ್ಮನಿದ್ದು, "ಇವರ ತಾಯಂದಿರು ಎಲ್ಲಿದ್ದಾರೋ" ಅಂದರು. ಆ ವಾರ ಫೋನು ಮಾಡಿದರು. ಎಲ್ಲ ಸರಿಹೋಯಿತೆಂದು ನಾವು ಹೇಳುವುದಿಲ್ಲ, ಮಾತು ಶುರುವಾಗಿದೆ. ತಂದೆ ಇನ್ನೂ ಫೋನಿಗೆ ಬರುವುದಿಲ್ಲ, ಆದರೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾರಂತೆ.

ಇಂಥ ತಂದೆ ತಾಯಂದಿರಿಗೂ ಆಸರೆಯಿದೆ. ಜೀನ್ ಮ್ಯಾನ್‌ಫರ್ಡ್ ಎಂಬ ಶಾಲಾ ಶಿಕ್ಷಕಿ 1972ರಲ್ಲಿ ನ್ಯೂಯಾರ್ಕಿನ ಮೆರವಣಿಗೆಯಲ್ಲಿ ಮಗನ ಪಕ್ಕ ನಡೆದರು. ಮರುವರ್ಷ ಅವರು ಆರಂಭಿಸಿದ ಪೋಷಕರ ಕೂಟವೇ ಇಂದು ದೇಶದಾದ್ಯಂತ ಹರಡಿರುವ ಪಿಫ್ಲ್ಯಾಗ್. ನಮ್ಮ ಉಪಖಂಡದವರಿಗಾಗಿ 1986ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ತ್ರಿಕೋನ್ ಎಂಬ ಸಂಸ್ಥೆ ಹುಟ್ಟಿತು. ನಮ್ಮ ಭಾಷೆ, ನಮ್ಮ ಅಡುಗೆ, ನಮ್ಮ 'ಜನ ಏನಂತಾರೆ' ಭಯವನ್ನು ಬಲ್ಲವರ ಬಳಿ ಮನಸ್ಸು ಬಿಚ್ಚುವುದು ಸುಲಭ. ಹಾಗೆ ಬಿಚ್ಚುವ ಜಾಗ ಕನ್ನಡ ಕೂಟವಲ್ಲದೆ ಇನ್ನಾವುದು?

ಆದ್ದರಿಂದ ಸಮಿತಿಯ ಮುಂದೆ ಮೂರು ವಿನಂತಿಗಳನ್ನಿಡುತ್ತೇವೆ. ಮೂರಕ್ಕೂ ಖರ್ಚಿಲ್ಲ. ಮೊದಲನೆಯದು, ನಮ್ಮ ಸದಸ್ಯತ್ವದ ಅರ್ಜಿಯಲ್ಲಿ 'ಪತಿ, ಪತ್ನಿ, ಮಕ್ಕಳು' ಎಂದಿರುವಲ್ಲಿ 'ಕುಟುಂಬದ ಸದಸ್ಯರ ಹೆಸರುಗಳು' ಎಂದು ಅಚ್ಚು ಮಾಡಿಸಿ. 2015ರಿಂದ ಈ ದೇಶದ ಕಾನೂನು ಒಪ್ಪಿರುವ ಸಂಸಾರವನ್ನು ನಮ್ಮ ಅರ್ಜಿ ಏಕೆ ಒಪ್ಪಬಾರದು? ವಿಧವೆಯಾದ ತಾಯಿಗೂ, ಒಂಟಿಯಾಗಿ ಮಗು ಸಾಕುವ ತಂದೆಗೂ ಅದು ಅನುಕೂಲವೇ. ಎರಡನೆಯದು, ಮುಂದಿನ ಋತುವಿನಲ್ಲಿ ಒಂದು ಭಾನುವಾರ ಕೂಟದ ಸ್ವಯಂಸೇವಕರು ನಮ್ಮೊಡನೆ ಮೈದಾನಕ್ಕೆ ಬರಲಿ. ಹತ್ತು ಜನ ಸಾಕು. ನೂರಾರು ಜನಕ್ಕೆ ಬಾಳೆಲೆ ಹಾಕಿ ಬಡಿಸುವ ಕೈಗಳಿಗೆ ನೀರಿನ ಲೋಟ ಭಾರವಲ್ಲ. ಮೂರನೆಯದು, ಯುವಜನರ ವಿಭಾಗ ನಡೆಸುವ ಕ್ರಿಕೆಟ್, ವಾಲಿಬಾಲ್ ಪಂದ್ಯಗಳಲ್ಲಿ ಆ ಒಂದು ಬೈಗುಳ ಕೇಳಿಬಂದರೆ ಅಂಪೈರು ಆಟ ನಿಲ್ಲಿಸಲಿ. ಆಡುವ ಹನ್ನೊಂದು ಜನರಲ್ಲಿ ಅದು ಯಾರ ಎದೆಗೆ ನಾಟುತ್ತದೆಂದು ನಮಗೆ ಗೊತ್ತಾಗುವುದಿಲ್ಲ.

ನಮ್ಮ ಜಾನ್ಸ್ ಕ್ರೀಕ್ ಊರೆಂದು ಅನ್ನಿಸಿಕೊಂಡದ್ದೇ 2006ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು ಅದು ಫುಲ್ಟನ್ ಕೌಂಟಿಯ ಒಂದು ಭಾಗ, ಅಷ್ಟೆ. ಊರು ಹುಟ್ಟಿದಾಗ ನಾವೂ ಅದರ ಮೊದಲ ಒಕ್ಕಲುಗಳಲ್ಲಿ ಸೇರಿದ್ದೆವು. ನಮ್ಮ ಹೆಸರು ಉಚ್ಚರಿಸಲು ಬಾರದ ನೆರೆಯವರು ಕಲಿತು ಉಚ್ಚರಿಸಿದರು. ಹಾಗೆ ಜಾಗ ಪಡೆದವರು ಜಾಗ ಕೊಡಲೂ ಬಲ್ಲರು ಎಂದು ನಂಬಿದ್ದೇವೆ. ಕೂಟದ ಹುಟ್ಟುಹಬ್ಬದ ದಿನ ಹಳೆಯ ಸದಸ್ಯರ ಪಟ್ಟಿ ಓದುತ್ತೇವೆ. ಆ ಪಟ್ಟಿಯಿಂದ ಸದ್ದಿಲ್ಲದೆ ಜಾರಿಹೋದ ಮಕ್ಕಳ ಹೆಸರುಗಳನ್ನೂ ಒಮ್ಮೆ ಮನಸ್ಸಿನಲ್ಲಿ ಓದಿಕೊಂಡು, ಈ ವಾರ ಅವರಲ್ಲಿ ಒಬ್ಬರಿಗೆ ಫೋನು ಮಾಡಿ. ಮದುವೆಯ ಮಾತು ಬೇಡ. ಊಟ ಆಯಿತೇ ಎಂದು ಕೇಳಿದರೆ ಸಾಕು.

 

ಸಿರಿಗನ್ನಡಂ ಗೆಲ್ಗೆ.